ಅಪ್‌ಡೇಟ್: ದಿನಕ್ಕೊಂದು ಚಿಕ್ಕ ವಸ್ತು, ಆರು ವಾರದ ನಂತರ

ಪರದೆ ನೋಡಿ ನೋಡಿ ನನ್ನ ಡಿಸೈನ್‌ಗಳೆಲ್ಲ ಒಂದೇ ಥರ ಆಗ್ತಿವೆ, ನಿಮಗೆ ಐಡಿಯಾ ಎಲ್ಲಿಂದ ಹುಟ್ಟುತ್ತೆ ಅಂತ ಕೇಳಿದ್ದೆ. ದಿನಕ್ಕೊಂದು ಇಷ್ಟವಾದ ಪುಟ್ಟ ವಸ್ತು ಎತ್ತಿಡಿ ಅಂದಿದ್ರಿ. ಎತ್ತಿಟ್ಟೆ. ಶೂ ಡಬ್ಬಿಯ ಮುಚ್ಚಳ ಈಗ ಕೂರ್ತಿಲ್ಲ.

ಮೊದಲು ಸಿಕ್ಕಿದ್ದು ಲಕೋಟೆಯ ಒಳಮೈ. ಒಳಗಿನ ಬರಹ ಹೊರಗೆ ಕಾಣದಿರಲಿ ಅಂತ ಅಲ್ಲಿ ಗೀಟು, ಅಲೆ, ಚುಕ್ಕಿ ಅಚ್ಚು ಹಾಕಿರ್ತಾರೆ. ಒಂದೇ ಗೀಟಿನ ಮಾದರಿಯನ್ನು ಎರಡು ಟ್ರೇಸಿಂಗ್ ಹಾಳೆಗೆ ಇಳಿಸಿ, ಒಂದರ ಮೇಲೊಂದಿಟ್ಟು ಕೂದಲೆಳೆಯಷ್ಟು ತಿರುಗಿಸಿದೆ. ಎರಡರಲ್ಲೂ ಇಲ್ಲದ ಅಗಲವಾದ ಪಟ್ಟೆಗಳು ಎದ್ದು ಓಡಾಡಿದವು! ಮ್ವಾರೆ (moiré) ಅನ್ನೋದು ಇದನ್ನೇ. ನನ್ನ ಹೊಸ ನೋಟ್‌ಬುಕ್ ಹೊದಿಕೆ ಹುಟ್ಟಿದ್ದು ಅಲ್ಲಿಂದ.

ಆದರೆ ಮನಸ್ಸು ಕದ್ದಿದ್ದು ಒಂದು ನೀಲಿ ಗರಿ. ಬೆಳಕು ಮೇಲೆ ಬಿದ್ದರೆ ಅಚ್ಚ ನೀಲಿ, ಕಿಟಕಿಗೆ ಅಡ್ಡ ಹಿಡಿದರೆ ಮಂಕು ಕಂದು. ಅದರಲ್ಲಿ ನೀಲಿ ವರ್ಣದ್ರವ್ಯವೇ ಇಲ್ಲ. ಗರಿಯನ್ನು ಕಟ್ಟಿರೋ ಕೆರಾಟಿನ್ ಅನ್ನೋ ಪ್ರೋಟೀನ್ ಒಳಗಿನ ಸೂಕ್ಷ್ಮ ಗಾಳಿಗೂಡುಗಳು ನೀಲಿ ಬೆಳಕನ್ನು ಹೆಚ್ಚಾಗಿ ಚದುರಿಸುತ್ತವೆ, ಕೆಳಗಿನ ಮೆಲನಿನ್ ಅನ್ನೋ ಕಪ್ಪು-ಕಂದು ವರ್ಣದ್ರವ್ಯ ಉಳಿದದ್ದನ್ನು ಹೀರಿಕೊಳ್ಳುತ್ತೆ. ಬಣ್ಣ ಅಂದ್ರೆ ಬಳಿಯೋ ವಸ್ತು ಅಂದುಕೊಂಡಿದ್ದ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಶಾಯಿಯಿಲ್ಲದೆ, ಬರೀ ಉಬ್ಬುತಗ್ಗು ಮತ್ತು ನೆರಳಿನಿಂದ ಒಂದು ಕಾರ್ಡ್ ಮಾಡ್ತಿದ್ದೀನಿ. ಇನ್ನೂ ಸರಿ ಬಂದಿಲ್ಲ.

ಸೂರ್ಯಕಾಂತಿ ಹೂವಿನ ಬೀಜಗಳ ಸುರುಳಿ ಎಣಿಸು ಅಂದವರಿಗೆ: ಒಂದು ದಿಕ್ಕಿಗೆ 34, ಇನ್ನೊಂದಕ್ಕೆ 55. ಮೂರು ಸಲ ಎಣಿಸಿದೆ. ತುಕ್ಕು ಹಿಡಿದ ಕೀಲಿಯ ಫೋಟೋ ನಾಳೆ ಹಾಕ್ತೀನಿ.