ಬ್ಯಾಗಿಗೆ ಯಾವ ಮಲ್ಟಿಟೂಲ್? ಮೈಕ್‌ಸೆಟ್ ಅಣ್ಣನಿಗೆ ಪ್ರಶ್ನೆಗಳು

ಪ್ರಶ್ನೆ: ನಮಸ್ಕಾರ ಸರ್. ಬೆಂಗಳೂರಿನ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುತ್ತೇನೆ. ಸ್ಟೇಷನ್‌ವರೆಗೆ ಸ್ಕೂಟರ್, ಅಲ್ಲಿಂದ ಮೆಟ್ರೋ. ದಿನಾ ಬ್ಯಾಗಲ್ಲಿ ಇಟ್ಟುಕೊಳ್ಳಲು ಚಿಕ್ಕದೊಂದು ಮಲ್ಟಿಟೂಲ್ ಬೇಕು, ಅದೇ, ಚಾಕು, ಕತ್ತರಿ, ಸ್ಕ್ರೂಡ್ರೈವರ್ ಎಲ್ಲ ಒಂದರಲ್ಲೇ ಮಡಚಿಕೊಳ್ಳುವಂಥದ್ದು. ಆನ್‌ಲೈನಲ್ಲಿ ನೋಡಿದರೆ ಒಂದರಲ್ಲಿ 12 ಸಾಮಾನು, ಇನ್ನೊಂದರಲ್ಲಿ 18. ಪ್ಲೇಯರ್ (ಇಕ್ಕಳ) ಇರುವುದನ್ನೇ ತಗೋ ಅಂತ ತಮ್ಮ ಹಟ ಹಿಡಿದಿದ್ದಾನೆ. ನೀವು ಇಪ್ಪತ್ತು ವರ್ಷದಿಂದ ಮೈಕ್‌ಸೆಟ್ ಕೆಲಸದಲ್ಲಿ ಇರುವವರು. ಯಾವುದು ಒಳ್ಳೆಯದು?

ಉತ್ತರ: ಮೇಡಂ, ಈಗಲೇ ಏನೂ ಕೊಳ್ಳಬೇಡಿ. ಒಂದು ವಾರ ಫೋನಲ್ಲಿ ಬರೆದಿಡಿ. ‘ಅಯ್ಯೋ, ಒಂದು ಕತ್ತರಿ ಇದ್ದಿದ್ರೆ’ ಅಂತ ಅನಿಸಿದಾಗಲೆಲ್ಲ ಒಂದು ಸಾಲು, ಅಷ್ಟೇ.

18 ಸಾಮಾನು ಅಂದರೆ ಮರುಳಾಗಬೇಡಿ. ಒಂದೇ ಬ್ಲೇಡಿನ ತುದಿಯನ್ನು ಒಮ್ಮೆ ಸ್ಕ್ರೂಡ್ರೈವರ್, ಇನ್ನೊಮ್ಮೆ ಓಪನರ್, ಮತ್ತೊಮ್ಮೆ ವೈರ್ ಸ್ಟ್ರಿಪ್ಪರ್ ಅಂತ ಎಣಿಸಿರುತ್ತಾರೆ. ಅದಕ್ಕಿಂತ ತೂಕ ನೋಡಿ. ನನ್ನ ಬೆಲ್ಟಿನಲ್ಲಿರುವ ಲೆದರ್‌ಮನ್ ವೇವ್ ಅನ್ನುವ ಮಲ್ಟಿಟೂಲ್ ಸುಮಾರು 240 ಗ್ರಾಂ. ಬಯಲಾಟಕ್ಕೆ ಹೋದರೆ ರಾತ್ರಿಯಿಡೀ ಅದು ಬೇಕು, ಹಾಗಾಗಿ ಹೊರುತ್ತೇನೆ. ಕೆಲಸ ಇಲ್ಲದ ದಿನ ಅದು ಮೇಜಿನ ಡ್ರಾಯರ್‌ನಲ್ಲೇ ಮಲಗಿರುತ್ತದೆ. ಬೀಗದ ಕೈ ಗೊಂಚಲಿನಲ್ಲಿ ವಿಕ್ಟೊರಿನಾಕ್ಸ್ ಕಂಪನಿಯ ಕ್ಲಾಸಿಕ್ ಅನ್ನುವ ಪುಟ್ಟ ಟೂಲ್ ಇದೆ. 58 ಮಿಲಿಮೀಟರ್ ಉದ್ದ, 20 ಗ್ರಾಂ ಚಿಲ್ಲರೆ ತೂಕ. ಮದುವೆ ಮನೆಗೆ ಹೋದರೂ ಜೇಬಲ್ಲಿ ಇರುವುದು ಅದೊಂದೇ.

ಪ್ಲೇಯರ್ ವಿಷಯ. ಟಿಮ್ ಲೆದರ್‌ಮನ್ ಅನ್ನುವ ಅಮೆರಿಕದವರು 1975ರಲ್ಲಿ ಹಳೇ ಫಿಯಟ್ ಕಾರಿನಲ್ಲಿ ಯುರೋಪ್ ಸುತ್ತುತ್ತಿದ್ದರು. ಕಾರು ಪದೇ ಪದೇ ಕೈಕೊಡುತ್ತಿತ್ತು. ಕೈಯಲ್ಲಿದ್ದ ಚಾಕುವಿನಲ್ಲಿ ಪ್ಲೇಯರ್ ಇರಲಿಲ್ಲ. ಆ ಕಿರಿಕಿರಿಯಿಂದ ಹುಟ್ಟಿದ ಸಾಮಾನು ಮಾರುಕಟ್ಟೆಗೆ ಬಂದದ್ದು 1983ರಲ್ಲಿ. ನಿಮ್ಮ ಹತ್ತಿರ ಹಳೇ ಫಿಯಟ್ ಇದೆಯಾ ಮೇಡಂ?

ಪ್ರಶ್ನೆ (ಅದೇ ಮೇಡಂ, ಎಂಟು ದಿನದ ಮೇಲೆ): ಸರ್, ಪಟ್ಟಿ ಇಲ್ಲಿದೆ. ಪುಸ್ತಕದ ಪಾರ್ಸೆಲ್ ಟೇಪ್ ನಾಲ್ಕು ಸಲ. ಬಾಕ್ಸಿನ ಪ್ಲಾಸ್ಟಿಕ್ ಪಟ್ಟಿ ಒಂದು ಸಲ. ಸೀರೆಯ ದಾರ ಎರಡು ಸಲ. ಬೆರಳಿಗೆ ಸಿಬಿರು. ಕನ್ನಡಕದ ಸ್ಕ್ರೂ. ಪ್ರಿಂಟರಿನ ಒಂದು ಸ್ಟಾರ್ ಸ್ಕ್ರೂ. ಸ್ಕೂಟರ್ ಬ್ರೇಕ್ ಕೇಬಲ್ ಎಳೆಯಲು ಪ್ಲೇಯರ್, ಒಂದೇ ಸಲ.

ಉತ್ತರ: ನೋಡಿ, ನಿಮ್ಮ ಪಟ್ಟಿಯೇ ಹೇಳುತ್ತಿದೆ. ನಿಮಗೆ ಬೇಕಿರುವುದು ಕತ್ತರಿ, ಚಿಮುಟ, ಪುಟ್ಟ ಬ್ಲೇಡ್. ಮೂರೂ ಕ್ಲಾಸಿಕ್‌ನಲ್ಲಿ ಇವೆ. ಸ್ಟಾರ್ ಸ್ಕ್ರೂ ಕೂಡ ಬೇಕಲ್ವಾ, ಹಾಗಾಗಿ ಅದೇ ಕಂಪನಿಯ, ಅದೇ ಅಳತೆಯ ರ‍್ಯಾಂಬ್ಲರ್ ನೋಡಿ. ಅದರ ಸ್ಕ್ರೂಡ್ರೈವರ್ ತುದಿಯಲ್ಲಿ ಅಯಸ್ಕಾಂತ ಇದೆ, ಬಿಚ್ಚಿದ ಸ್ಕ್ರೂ ಪ್ರಿಂಟರ್ ಹೊಟ್ಟೆಯೊಳಗೆ ಬೀಳುವುದಿಲ್ಲ. ಕನ್ನಡಕಕ್ಕೆ ಮಾತ್ರ ಅದು ದಪ್ಪವಾಯಿತು. ಕನ್ನಡಕದ ಅಂಗಡಿಯಲ್ಲಿ ಸಿಗುವ ಪುಟಾಣಿ ಸ್ಕ್ರೂಡ್ರೈವರ್ ಒಂದನ್ನು ಕನ್ನಡಕದ ಡಬ್ಬಿಯಲ್ಲೇ ಹಾಕಿಡಿ.

ಬ್ರೇಕ್ ಕೇಬಲ್‌ಗೆ ಅಂತ ಗರ್ಬರ್ ಡೈಮ್ ಅನ್ನುವ ಪುಟ್ಟ ಮಲ್ಟಿಟೂಲ್ ತರಹದ್ದು ತಗೊಂಡರೆ ಪ್ಲೇಯರ್ ಬರುತ್ತದೆ, ತೂಕ 60 ಗ್ರಾಂ ದಾಟುತ್ತದೆ. ಆದರೆ ಆ ಪ್ಲೇಯರ್ ಹಿಡಿಯುವುದು ಎರಡು ಬೆರಳಲ್ಲಿ. ಮೈಕ್ ಪಿನ್ ನೆಟ್ಟಗೆ ಮಾಡಲು ಸಾಕು, ಬ್ರೇಕ್ ಕೇಬಲ್ ಎಳೆಯಲು ಬಲ ಸಿಗುವುದಿಲ್ಲ. ಆರಿಂಚಿನ ಕಟಿಂಗ್ ಪ್ಲೇಯರ್ ತಂದು ಸ್ಕೂಟರ್ ಸೀಟಿನ ಕೆಳಗೆ ಇಟ್ಟುಬಿಡಿ. ತಮ್ಮನಿಗೂ ಸಮಾಧಾನ.

ಪ್ರಶ್ನೆ (ಇನ್ನೊಬ್ಬರು): ಮೆಟ್ರೋದಲ್ಲಿ ಬಿಡುತ್ತಾರಾ ಅಣ್ಣಾ?

ಉತ್ತರ: ಬ್ಯಾಗ್ ಸ್ಕ್ಯಾನ್ ಆಗುವಾಗ ಬ್ಲೇಡ್ ಕಂಡರೆ ತಡೆಯಬಹುದು. ತಡೆದರೆ ವಾದ ಮಾಡಬೇಡಿ, ಅವರ ಕೆಲಸ ಅದು. ದಿನಾ ಆ ತಲೆನೋವು ಬೇಡ ಅಂದರೆ ವಿಕ್ಟೊರಿನಾಕ್ಸ್ ಕಂಪನಿಯದೇ ಬ್ಲೇಡೇ ಇಲ್ಲದ ಜೆಟ್‌ಸೆಟರ್ ಅನ್ನುವ ಮಾದರಿ ಇದೆ. ಕತ್ತರಿ, ಸ್ಟಾರ್ ಸ್ಕ್ರೂಡ್ರೈವರ್, ಚಿಮುಟ ಇರುತ್ತವೆ. ಪಾರ್ಸೆಲ್ ಟೇಪಿಗೆ ಕತ್ತರಿಯ ಒಂದು ಅಲಗೇ ಸಾಕು. ವಿಮಾನಕ್ಕೆ ಹೋಗುವಾಗ ಯಾವುದೇ ಇರಲಿ, ಚೆಕ್‌ಇನ್ ಬ್ಯಾಗಿಗೆ ಹಾಕಿ. ಗೊಂಚಲಿನಲ್ಲಿ ನೇತಾಡುವುದನ್ನು ಮರೆತು ಕಳೆದುಕೊಂಡವರು ಬಹಳ. ನಾನೂ ಒಂದು ಕಳೆದಿದ್ದೇನೆ.

ಪ್ರಶ್ನೆ: ಮನೆಯ ಸ್ವಿಚ್‌ಬೋರ್ಡ್ ಕೆಲಸಕ್ಕೆ ಬಳಸಬಹುದಾ?

ಉತ್ತರ: ಬೇಡ. ಹಿಡಿಯಿಂದ ತುದಿಯವರೆಗೆ ಎಲ್ಲ ಲೋಹ, ಮನೆಯ ಕರೆಂಟು 230 ವೋಲ್ಟ್. ನನ್ನ ಹಳೇ ಟೂಲಿನ ಬ್ಲೇಡಿನಲ್ಲಿ ಅಕ್ಕಿ ಕಾಳಿನಷ್ಟು ಒಂದು ಕಚ್ಚು ಇದೆ. ಒಂದು ಜಾತ್ರೆಯಲ್ಲಿ ಮೇನ್ ಆಫ್ ಮಾಡಿದೆ ಅಂತ ಹುಡುಗ ಕೂಗಿದ, ನಾನು ಟೆಸ್ಟರ್ ಹಿಡಿಯದೆ ವೈರ್ ಕತ್ತರಿಸಿದೆ. ಅವನು ಆಫ್ ಮಾಡಿದ್ದು ಬೇರೆ ಲೈನು. ಫಟ್ ಅಂತ ಕಿಡಿ ಹಾರಿ ಉಕ್ಕು ಕರಗಿತ್ತು. ಎರಡೂ ವೈರ್ ಒಟ್ಟಿಗೆ ಕತ್ತರಿಸಿದ್ದರಿಂದ ಅಲ್ಲೇ ಶಾರ್ಟ್ ಆಯಿತು. ನನಗೆ ಏನೂ ಆಗಲಿಲ್ಲ, ಅದು ನನ್ನ ಪುಣ್ಯ. ಆ ಟೂಲನ್ನು ಈಗ ಹೊಸ ಹುಡುಗರಿಗೆ ತೋರಿಸಲು ಇಟ್ಟುಕೊಂಡಿದ್ದೇನೆ. ಕರೆಂಟ್ ಕೆಲಸಕ್ಕೆ 1000 ವೋಲ್ಟ್ ಗುರುತಿರುವ ಇನ್ಸುಲೇಟೆಡ್ ಸ್ಕ್ರೂಡ್ರೈವರ್ ತಗೊಳ್ಳಿ. ಅದಿದ್ದರೂ ಮೊದಲು ಮೇನ್ ಆಫ್, ಆಮೇಲೆ ಟೆಸ್ಟರ್.

ಇನ್ನೊಂದು ಮಾತು. ಈ ಪುಟ್ಟವುಗಳಲ್ಲಿ ಬ್ಲೇಡಿಗೆ ಲಾಕ್ ಇರುವುದಿಲ್ಲ. ಎಳೆದು ಕತ್ತರಿಸಿ, ಚುಚ್ಚಬೇಡಿ. ಚುಚ್ಚಿದರೆ ಬೆರಳಿನ ಮೇಲೇ ಮಡಚಿಕೊಳ್ಳುತ್ತದೆ.

ಪ್ರಶ್ನೆ (ಕುಂದಾಪುರದಿಂದ): ನಮ್ಮ ಕಡೆ ಉಪ್ಪುಗಾಳಿ, ಸ್ಟೇನ್‌ಲೆಸ್ ಆದರೂ ತುಕ್ಕು. ಅದರ ಮೇಲೆ ಹಲಸಿನ ಮೇಣ. ಏನು ಮಾಡುವುದು?

ಉತ್ತರ: ಹಲಸಿಗೆ ಮನೆಯ ಕತ್ತಿ ಇಲ್ವಾ ಮಾರಾಯ್ರೆ! ಮೇಣ ಕೀಲಿನೊಳಗೆ ಹೋದರೆ ಬ್ಲೇಡ್ ತೆರೆಯಲು ಉಗುರು ಮುರಿಯುತ್ತದೆ. ಹೋಗಿದ್ದರೆ ತೆಂಗಿನೆಣ್ಣೆ ಬಿಟ್ಟು ತೆರೆದು ಮುಚ್ಚಿ ಮಾಡಿ, ಮೇಣ ಸಡಿಲವಾಗುತ್ತದೆ. ಆಮೇಲೆ ಸೋಪು ಹಾಕಿದ ಬಿಸಿನೀರಲ್ಲಿ ತೊಳೆದು ಪೂರ್ತಿ ಒಣಗಿಸಿ. ತೆಂಗಿನೆಣ್ಣೆಯನ್ನು ಒಳಗೇ ಬಿಡಬೇಡಿ, ಅಂಟಾಗುತ್ತದೆ. ಕೀಲಿಗೆ ಕೊನೆಗೆ ಮೆಡಿಕಲ್ ಶಾಪಿನಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್ ಒಂದು ಹನಿ. ಹಣ್ಣು ಕತ್ತರಿಸುವ ಬ್ಲೇಡಿಗೆ ಹೊಲಿಗೆ ಮಿಷಿನ್ ಎಣ್ಣೆ ಬೇಡ. ಸಮುದ್ರದ ಬದಿಯವರು ತಿಂಗಳಿಗೊಮ್ಮೆ ಇಷ್ಟು ಮಾಡಿದರೆ ಸಾಕು.

ಪ್ರಶ್ನೆ: ಸಾಣೆ ಹಿಡಿಯುವವರ ಹತ್ತಿರ ಕೊಡಬಹುದಾ?

ಉತ್ತರ: ಅಡುಗೆ ಮನೆಯ ಚಾಕು ಕೊಡಿ, ಇದನ್ನು ಕೊಡಬೇಡಿ. ತೆಳು ಬ್ಲೇಡು, ಚಕ್ರದಲ್ಲಿ ಬೇಗ ಕಾಯುತ್ತದೆ. ಅಂಚು ನೀಲಿ ತಿರುಗಿತು ಅಂದರೆ ಅಲ್ಲಿ ಉಕ್ಕಿನ ಗಟ್ಟಿತನ ಹೋಯಿತು. ಮನೆಯಲ್ಲಿ ಪಿಂಗಾಣಿ ಕಪ್ ಮಗುಚಿ, ತಳದಲ್ಲಿ ಹೊಳಪಿಲ್ಲದ ಒರಟು ಬಳೆ ಇರುತ್ತದಲ್ಲ, ಅದರ ಮೇಲೆ ಒಂದೊಂದು ಬದಿಗೆ ಹತ್ತು ಸಲ ಹಗುರವಾಗಿ ಎಳೆಯಿರಿ. ಕತ್ತರಿಯನ್ನು ಮಾತ್ರ ಇದಕ್ಕೆ ತಾಗಿಸಬೇಡಿ.