ಫಿಟ್ಸ್ ಬರುವ ನಾಯಿಯನ್ನು ತೋಟದ ಮನೆಗೆ ಕೊಡಬಹುದಾ?

ನಮಸ್ಕಾರ. ನಾನು ಮೈಸೂರಿನ ದಟ್ಟಗಳ್ಳಿಯವಳು. ನನ್ನ ಹತ್ತಿರ ಬೆಳ್ಳಿ ಅಂತ ನಾಟಿ ನಾಯಿ ಇದೆ. ಹೆಣ್ಣು, ಸುಮಾರು 3 ವರ್ಷ. ಆಪರೇಷನ್, ರೇಬಿಸ್ ಲಸಿಕೆ ಎಲ್ಲ ಆಗಿದೆ. ಲಿಂಗಾಂಬುಧಿ ಕೆರೆ ಹತ್ತಿರ ಫಿಟ್ಸ್ ಬಂದು ಒದ್ದಾಡುತ್ತಿದ್ದಳು. ಹುಚ್ಚುನಾಯಿ ಅಂತ ಜನ ಕಲ್ಲು ಎತ್ತಿಕೊಂಡಿದ್ದರು. ಡಾಕ್ಟರ್ ಬೇರೆ ಇಟ್ಟು ನೋಡಿದರು, ಆಮೇಲೆ ಅಪಸ್ಮಾರ ಅಂದರು.

ಬೆಳಿಗ್ಗೆ 8ಕ್ಕೆ, ರಾತ್ರಿ 8ಕ್ಕೆ ಫಿನೋಬಾರ್ಬಿಟೋನ್ ಮಾತ್ರೆ ಕೊಡಬೇಕು. ಅನ್ನಕ್ಕೆ ಕಲಸಿದರೆ ಅನ್ನ ತಿಂದು ಮಾತ್ರೆಯನ್ನಷ್ಟೇ ತಟ್ಟೆ ಪಕ್ಕಕ್ಕೆ ಉಗಿಯುತ್ತಾಳೆ. ಮುದ್ದೆ ಚೂರಿನಲ್ಲಿ ಇಟ್ಟರೆ ಗುಳುಂ ಅಂತ ನುಂಗುತ್ತಾಳೆ.

ಅಪ್ಪನಿಗೆ ಪಾರ್ಶ್ವವಾಯು. ನೋಡಿಕೊಳ್ಳೋಕೆ ಹಾಸನದ ತಮ್ಮನ ಮನೆಗೆ ಹೋಗಬೇಕು. ನಾದಿನಿಗೆ ಉಬ್ಬಸ, ಅಲ್ಲಿ ನಾಯಿ ಇಡೋ ಹಾಗಿಲ್ಲ. ವಾಟ್ಸಾಪ್‌ನಲ್ಲಿ ಫೋಟೋ ಹಾಕಿದೆ, ಜನ ಮುದ್ದಾಗಿದೆ ಅಂದರು. ಫಿಟ್ಸ್ ಅಂದ ತಕ್ಷಣ ಸುಮ್ಮನಾದರು. ಒಬ್ಬರಂತೂ "ಮೊದಲೇ ಯಾಕೆ ಹೇಳ್ತೀರಾ, ಒಗ್ಗಿಕೊಂಡ ಮೇಲೆ ಹೇಳಿ" ಅಂದರು. ಅದು ನನ್ನಿಂದ ಆಗಲ್ಲ. ಗೊತ್ತಿಲ್ಲದವರು ಹೆದರಿ ಬೀದಿಗೆ ಬಿಟ್ಟರೆ ಮಾತ್ರೆ ಏಕಾಏಕಿ ನಿಂತುಹೋಗುತ್ತೆ. ಆಗ ಫಿಟ್ಸ್ ಒಂದರ ಹಿಂದೆ ಒಂದು ಬಂದು ಜೀವಕ್ಕೇ ಅಪಾಯ.

ಈಗ ಶ್ರೀರಂಗಪಟ್ಟಣದ ಕಡೆಯ ತೋಟದ ಮನೆಯವರು, ಎಲ್ಲ ಕೇಳಿಸಿಕೊಂಡ ಮೇಲೂ, ಕೊಡಿ ಅಂತಿದ್ದಾರೆ. ಒಳ್ಳೆ ಜನ. ಆದರೆ ನಾಯಿ ರಾತ್ರಿ ಹೊರಗೇ ಇರುತ್ತೆ ಅಂತಾರೆ. ಕೊಡಲಾ?

ಪಾಂಡವಪುರದಿಂದ:
ಅಕ್ಕಾ, ತೋಟ ಅಂತ ಬೇಡ ಅನ್ನಬೇಡಿ. ಹೋಗಿ ಮೊದಲು ನೀರು ಎಲ್ಲೆಲ್ಲಿದೆ ನೋಡಿ. ನಮ್ಮ ಕಡೆ ನಾಲೆ, ಕಟ್ಟೆ ಇಲ್ಲದ ಬಾವಿ, ಹಸು ನೀರು ಕುಡಿಯೋ ತೊಟ್ಟಿ ಎಲ್ಲ ಕೈಗೆಟುಕುವಷ್ಟು ಹತ್ತಿರ. ಫಿಟ್ಸ್ ಬಂದ ನಾಯಿ ಮೊಣಕಾಲುದ್ದ ನೀರಲ್ಲೂ ಮುಳುಗುತ್ತೆ. ರಾತ್ರಿ ಹೊರಗೆ ಬೇಡವೇ ಬೇಡ. ಚಿರತೆ ಕಾಟ ಬೇರೆ ಇದೆ. ಜಗಲಿಗೆ ಗ್ರಿಲ್ ಇದ್ದರೆ ಒಳಗೆ ಮಲಗಿಸುತ್ತೀರಾ ಅಂತ ಕೇಳಿ.

ಇನ್ನೊಂದು, ಮನೇಲಿ ಅಜ್ಜಿ ಇದ್ದಾರಾ? ತನ್ನ ಬಿ.ಪಿ. ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ತಗೊಳ್ಳೋ ಅಜ್ಜಿ ಇದ್ದರೆ ಬೆಳ್ಳಿ ಮಾತ್ರೆಯೂ ತಪ್ಪಲ್ಲ. ಗದ್ದೆಗೆ ಹೋಗೋ ಗಂಡಸರನ್ನು ನಂಬಿ ಕೊಡಬೇಡಿ.

ಮಂಡ್ಯ, ಕಲ್ಲಹಳ್ಳಿಯಿಂದ:
ನಮ್ಮ ಮನೇಲೂ ಇಂಥದ್ದೇ ನಾಯಿ ಇದೆ ಮೇಡಂ. ಫಿಟ್ಸ್ ಬಂದಾಗಿನ ವೀಡಿಯೋ ಇದ್ದರೆ ಅವರಿಗೆ ತೋರಿಸಿ. ಕಾಲು ಸೆಟೆದು, ಬಾಯಲ್ಲಿ ನೊರೆ ಬಂದು, ಉಚ್ಚೆ ಹೋಗೋದನ್ನು ಒಂದು ಸಲ ನೋಡಿದ್ದರೆ ಆಮೇಲೆ ಗಾಬರಿ ಕಡಿಮೆ. ಹಳ್ಳಿ ಕಡೆ ಕಬ್ಬಿಣ ಹಿಡಿಸ್ತಾರೆ, ಬಾಯಿಗೆ ನೀರು ಬಿಡ್ತಾರೆ. ಎರಡೂ ಬೇಡ ಅಂತ ಬಿಡಿಸಿ ಹೇಳಿ. ನಾಲಿಗೆ ನುಂಗಿಕೊಳ್ಳಲ್ಲ, ಬಾಯಿಗೆ ಬೆರಳು ಹಾಕಿದರೆ ಕಚ್ಚುತ್ತೆ ಅಷ್ಟೇ. ಸುತ್ತ ಇರೋ ಸಾಮಾನು ಸರಿಸಿ, ಗಡಿಯಾರ ನೋಡಿಕೊಳ್ಳಲಿ. 5 ನಿಮಿಷ ದಾಟಿದರೆ, ಇಲ್ಲಾ ಒಂದೇ ದಿನ ಮತ್ತೆ ಮತ್ತೆ ಬಂದರೆ, ತಕ್ಷಣ ಡಾಕ್ಟರ್ ಹತ್ತಿರ ಒಯ್ಯಬೇಕು.

ಈ ಮಾತ್ರೆಯಿಂದ ಹಸಿವು, ಬಾಯಾರಿಕೆ ಜಾಸ್ತಿ ಆಗುತ್ತೆ, ಉಚ್ಚೆಯೂ ಜಾಸ್ತಿ. ಇದನ್ನು ಹೇಳದಿದ್ದರೆ ಕಳ್ಳ ನಾಯಿ, ಗಲೀಜು ನಾಯಿ ಅಂತ ಬೈತಾರೆ ಪಾಪ. ಆರು ತಿಂಗಳಿಗೊಮ್ಮೆ ಲಿವರ್ ಟೆಸ್ಟ್ ಇದೆ, ಆ ಖರ್ಚು ಯಾರದು ಅಂತ ಈಗಲೇ ಮಾತಾಡಿ. ಚೀಟಿ ಇಲ್ಲದೆ ಮಾತ್ರೆ ಕೊಡಲ್ಲ, ಸಣ್ಣ ಅಂಗಡಿಗಳಲ್ಲಿ ಸಿಗದೇ ಇರಬಹುದು. ಒಂದು ತಿಂಗಳಿನದು ಯಾವಾಗಲೂ ಮನೇಲಿರಲಿ.

ದಟ್ಟಗಳ್ಳಿಯಿಂದ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಹೋಗಿ ನೋಡಿ ಬಂದೆ. ಬಾವಿಗೆ ಕಟ್ಟೆ, ಜಗಲಿಗೆ ಗ್ರಿಲ್ ಎರಡೂ ಇವೆ. ಅಜ್ಜಿಯೂ ಇದ್ದಾರೆ! ವೀಡಿಯೋ ಪೂರ್ತಿ ನೋಡಿ "ನಮ್ಮ ಚಿಕ್ಕಮ್ಮನಿಗೂ ಹೀಗೇ ಬರ್ತಿತ್ತು, ಸಾಕಲಿಲ್ಲವಾ" ಅಂದರು. ಆದರೆ ನಾಲೆ ಮನೆ ಹಿಂದೆಯೇ ಹರಿಯುತ್ತೆ. ಆ ಕಡೆ ಬೇಲಿ ಹಾಕಿದ ಮೇಲೇ ಕಳಿಸೋದು ಅಂದೆ, ಒಪ್ಪಿದ್ದಾರೆ. ಮೊದಲು ಒಂದು ತಿಂಗಳು ಇಟ್ಟುಕೊಂಡು ನೋಡಲಿ, ಆಗಲ್ಲ ಅಂದರೆ ನನಗೇ ವಾಪಸ್ ಕೊಡಬೇಕು ಅಂತ ಬರೆಸಿಕೊಳ್ಳುತ್ತೇನೆ. ಟೆಸ್ಟ್ ಖರ್ಚು ನನ್ನದೇ.

ಬೇಲಿ ಕೆಲಸ ಇನ್ನೂ ಶುರುವಾಗಿಲ್ಲ. ಅಷ್ಟರಲ್ಲಿ ಮೈಸೂರಿನಲ್ಲೇ, ಹಗಲು ಮನೆಯಲ್ಲಿರುವವರು ಯಾರಾದರೂ ಬೇಕು ಅಂದರೆ ದಯವಿಟ್ಟು ತಿಳಿಸಿ.