ಪದಪ್ರಶ್ನೆ: ಹಲ್ಲಿನ ಇಂಪ್ಲಾಂಟ್ ಕೀಳುವುದೋ, ಬಿಚ್ಚುವುದೋ?

ಗೆಳೆಯರೆ, ನಮಸ್ಕಾರ. ವಿಜಯಪುರದಿಂದ ಬರೆಯುತ್ತಿದ್ದೇನೆ.

ಇಲ್ಲಿ ಹಲ್ಲಿನ ದವಾಖಾನೆ ಇಟ್ಟಿರುವ ಗೆಳೆಯನೊಬ್ಬ ನನಗೊಂದು ಕೆಲಸ ಹಚ್ಚಿದ್ದಾನೆ. ಕೆಟ್ಟುಹೋದ ಇಂಪ್ಲಾಂಟನ್ನು (ಹೋದ ಹಲ್ಲಿನ ಜಾಗದಲ್ಲಿ ದವಡೆಯ ಎಲುಬಿಗೆ ಕೂಡಿಸುವ ಸ್ಕ್ರೂ, ಅದರ ಮೇಲೆ ಹಲ್ಲಿನ ಕ್ಯಾಪು ಕೂರುತ್ತದೆ) ಹೇಗೆ ತೆಗೆಯುತ್ತಾರೆ ಅಂತ ರೋಗಿಗಳಿಗೆ ತಿಳಿಸುವ ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಬರೆದುಕೊಡಬೇಕು. ಇಂಗ್ಲಿಷ್ ಮೂಲವನ್ನು ಯಂತ್ರಕ್ಕೆ ಕೊಟ್ಟು ಕನ್ನಡಕ್ಕೆ ತೆಗೆದ ಒಂದು ಪ್ರತಿ ಅವನ ಹತ್ತಿರ ಆಗಲೇ ಇತ್ತು. ಅದರ ತಲೆಬರಹ: ‘ವಿಫಲ ದಂತ ಕಸಿಯ ಕನಿಷ್ಠ ಆಕ್ರಮಣಕಾರಿ ನಿರ್ಮೂಲನೆ’. ಓದಿದರೆ ರೋಗಿಯ ಬಾಯಿಗೆ ಮಲಿಕ್-ಎ-ಮೈದಾನ್ ತೋಪು ಇಡುತ್ತಾರೇನೋ ಅನ್ನಿಸುತ್ತದೆ. ಆ ಸಾಲಿನಲ್ಲಿ ‘ದಂತ’ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ತೊಡಕು.

‘ಕಸಿ’ ಬೇಡ ಅಂತ ನಾನೇ ತೆಗೆದುಹಾಕಿದೆ. ನಮ್ಮ ತಿಕೋಟಾ ಕಡೆ ದ್ರಾಕ್ಷಿ ಬೆಳೆಯುವವರಿಗೆ ಕಸಿ ಅಂದರೆ ಏನು ಅಂತ ಚೆನ್ನಾಗಿ ಗೊತ್ತು. ಒಂದು ಬೇರಿನ ಗಿಡ, ಅದರ ಮೇಲೆ ಇನ್ನೊಂದು ತಳಿಯ ಕಡ್ಡಿ, ಎರಡಕ್ಕೂ ಜೀವ ಇರಬೇಕು. ಇಂಪ್ಲಾಂಟ್ ಟೈಟಾನಿಯಂ ಸ್ಕ್ರೂ. ಅದೇನು ಚಿಗುರುತ್ತದೆಯೇ? ಮೇಲಾಗಿ, ಇಂಪ್ಲಾಂಟ್ ತೆಗೆದ ಗುಂಡಿಗೆ ಕೆಲವು ಸಲ ಎಲುಬಿನ ಪುಡಿ ತುಂಬುತ್ತಾರೆ. ‘ಎಲುಬಿನ ಕಸಿ’ ಅನ್ನುವ ಮಾತು ಅದಕ್ಕೇ ಬೇಕಾಗುತ್ತದೆ. ಹಾಗಾಗಿ ‘ಇಂಪ್ಲಾಂಟ್’ ಹಾಗೇ ಇರಲಿ. ‘ಹಲ್ಲು ಕಟ್ಟಿಸುವುದು’ ಅಂದರೆ ಜನ ಸೆಟ್ಟು ಅಂದುಕೊಳ್ಳುತ್ತಾರೆ.

ಕಸಿ ಬಿಟ್ಟರೂ ತೋಟದ ಇನ್ನೊಂದು ಮಾತು ನನಗೆ ಸಿಕ್ಕಿತು. ದವಾಖಾನೆಯಲ್ಲಿ ಕೂತಿದ್ದಾಗ ಒಬ್ಬ ಹಿರಿಯರು ಗೆಳೆಯನಿಗೆ ಹೇಳಿದರು: ‘ಹಿಡಿದಿಲ್ಲಂದ್ರ ತಗದು ಬಿಡ್ರಿ ಡಾಕ್ಟರ್ರ, ಎಲುಬು ಮಾತ್ರ ಕೆಡಸಬ್ಯಾಡ್ರಿ.’ ಸಸಿ ಹಿಡಿಯಿತು, ಕಸಿ ಹಿಡಿಯಿತು ಅನ್ನುತ್ತೇವಲ್ಲ, ಅದೇ ‘ಹಿಡಿ’. ಟೈಟಾನಿಯಮ್ಮಿಗೆ ಎಲುಬು ನೇರವಾಗಿ ಅಂಟಿ ಬೆಳೆಯುತ್ತದೆ ಅಂತ ಸ್ವೀಡನ್ನಿನ ವೈದ್ಯ ಬ್ರೋನೆಮಾರ್ಕ್ ಮೊದಲು ಮೊಲದ ಕಾಲಿನಲ್ಲಿ ಕಂಡುಕೊಂಡರು. 1965ರಲ್ಲಿ ಮನುಷ್ಯನ ದವಡೆಗೆ ಹಾಕಿದರು. ಆ ಅಂಟುವಿಕೆಗೆ ‘ಅಸ್ಥಿ ಸಂಯೋಜನೆ’ ಅಂತ ಬರೆಯುವುದುಂಟು. ‘ಎಲುಬು ಹಿಡಿದಿದೆ’ ಅಂದರೆ ಸಾಕಲ್ವಾ?

ಇದರಿಂದ ‘ವಿಫಲ’ದ ಗಂಟೂ ಬಿಡುತ್ತದೆ. ಹಾಕಿದ ಕೆಲವು ತಿಂಗಳಲ್ಲೇ ಅಲ್ಲಾಡಿದರೆ ಅದು ‘ಹಿಡಿಯದ’ ಇಂಪ್ಲಾಂಟ್. ಚೆನ್ನಾಗಿ ಹಿಡಿದು, ವರ್ಷಗಳಾದ ಮೇಲೆ ವಸಡಿಗೆ ಸೋಂಕಾಗಿ ಸುತ್ತಲಿನ ಎಲುಬು ಕರಗುತ್ತಾ ಬಂದರೆ, ಇಲ್ಲವೇ ಸ್ಕ್ರೂನೇ ಮುರಿದರೆ, ಅದು ‘ಕೆಟ್ಟ’ ಇಂಪ್ಲಾಂಟ್. ಹಿಡಿಯದ್ದು ಸುಮ್ನೆ ಬೆರಳಲ್ಲಿ ತಿರುವಿದರೂ ಬರಬಹುದು. ಕೆಟ್ಟದ್ದು ಹಾಗಲ್ಲ. ಮೇಲ್ಗಡೆ ಎಲುಬು ಕರಗಿದ್ದರೂ ಬುಡದಲ್ಲಿ ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ತೆಗೆಯುವ ಕಷ್ಟ ಇರುವುದೇ ಅಲ್ಲಿ.

ನನ್ನ ಮುಖ್ಯ ಪ್ರಶ್ನೆ ಇರುವುದೂ ಅಲ್ಲೇ. ಹಲ್ಲನ್ನು ನಾವು ಕೀಳುತ್ತೇವೆ. ಹಲ್ಲಿನ ಬೇರಿಗೂ ಎಲುಬಿಗೂ ನಡುವೆ ತೆಳ್ಳನೆಯ ನಾರಿನ ಪದರ ಇದೆ. ಆ ಕಡೆ ಈ ಕಡೆ ಅಲುಗಿಸಿದರೆ ನಾರು ಹರಿದು ಹಲ್ಲು ಬರುತ್ತದೆ. ಇಂಪ್ಲಾಂಟಿಗೆ ಆ ನಾರೇ ಇಲ್ಲ. ಇಕ್ಕಳ ಹಾಕಿ ಜಗ್ಗಿದರೆ ಎಲುಬೇ ಸೀಳೀತು. ಅದಕ್ಕೇ ಈಗ ಸಾಧ್ಯವಾದಾಗಲೆಲ್ಲ ಅದರ ಒಳಗೊಂದು ಚಾವಿಯಂಥದ್ದನ್ನು ಕೂಡಿಸಿ, ರಾಚೆಟ್ (ಒಂದೇ ದಿಕ್ಕಿಗೆ ತಿರುವುವ ಪಾನಾ) ಹಾಕಿ, ಎಡಕ್ಕೆ ನಿಧಾನವಾಗಿ ತಿರುವುತ್ತಾರೆ. ಎಲುಬಿನ ಹಿಡಿತ ಬಿಟ್ಟ ಮೇಲೆ ಸುತ್ತು ಸುತ್ತಾಗಿ ಮೇಲೆ ಬರುತ್ತದೆ. ಗ್ಯಾರೇಜಿನಲ್ಲಿ ಇದಕ್ಕೆ ಏನಂತಾರೆ? ಮೊಳೆ ಕೀಳುತ್ತಾರೆ, ಸ್ಕ್ರೂ ಬಿಚ್ಚುತ್ತಾರೆ. ಕನ್ನಡದಲ್ಲಿ ಈ ವ್ಯತ್ಯಾಸ ಮೊದಲಿನಿಂದಲೂ ಇದೆ. ಹಾಗಾದರೆ ‘ಇಂಪ್ಲಾಂಟ್ ಬಿಚ್ಚುವುದು’ ಅಂತ ಬರೆದರೆ ಏನು ತಪ್ಪು?

ಗೆಳೆಯನ ತಕರಾರು ಬೇರೆ. ‘ಬಿಚ್ಚು’ ಅಂದರೆ ರೋಗಿ ಮೇಲಿನ ಹಲ್ಲಿನ ಟೊಪ್ಪಿಗೆ, ಅಂದರೆ ಕ್ಯಾಪು, ಬಿಚ್ಚುತ್ತಾರೆ ಅಂದುಕೊಳ್ಳುತ್ತಾನಂತೆ. ಅದೂ ನಿಜವೇ. ‘ತಿರುವಿ ತೆಗೆಯುವುದು’ ಅಂದರೆ ಆ ಗೊಂದಲ ಇಲ್ಲ, ಆದರೆ ಸ್ವಲ್ಪ ಉದ್ದ.

ತಿರುವಿದರೂ ಬಾರದಿದ್ದರೆ, ಇಲ್ಲವೇ ಸ್ಕ್ರೂ ಒಳಗೇ ತುಂಡಾದರೆ, ಹಳೆಯ ದಾರಿ ಹಿಡಿಯಬೇಕಾಗುತ್ತದೆ. ಟೊಳ್ಳು ಕೊಳವೆಯಂಥ ಬೈರಿಗೆಯಿಂದ ಇಂಪ್ಲಾಂಟಿನ ಸುತ್ತ ಕೊರೆದು, ಎಲುಬಿನ ಸಮೇತ ತೆಗೆಯುತ್ತಾರೆ. ಕೊರೆಯುವಾಗ ಎಲುಬು ಕಾಯದಂತೆ ನೀರು ಬಿಡುತ್ತಲೇ ಇರಬೇಕು. ಗುಂಡಿ ಜಾಸ್ತಿ ದೊಡ್ಡದಾಗುತ್ತದೆ. ಇದಕ್ಕೆ ನಾನು ‘ಕೊಳವೆ ಬೈರಿಗೆ’ ಅಂತ ಬರೆದಿದ್ದೇನೆ. ಪತ್ರ ಓದಿದ ಬಡಿಗೇರ ಮನೆಯ ಹುಡುಗ ಒಬ್ಬನೇ ತಟ್ಟನೆ ಅರ್ಥ ಮಾಡಿಕೊಂಡ. ಉಳಿದವರಿಗೆ ‘ಬೋರ್ ಹೊಡೆದಂಗೆ’ ಅಂತ ಬಿಡಿಸಿ ಹೇಳಬೇಕಾಯಿತು.

ಇನ್ನು ಆ ‘ಕನಿಷ್ಠ ಆಕ್ರಮಣಕಾರಿ’. ಮೂಲದವರು ಹೇಳುತ್ತಿರುವುದು ವಸಡು ಜಾಸ್ತಿ ಕೊಯ್ಯುವುದಿಲ್ಲ, ಎಲುಬು ಕಳೆಯುವುದಿಲ್ಲ ಅಂತ, ಅಷ್ಟೇ. ಆ ಹಿರಿಯರು ಕೇಳಿದ್ದೂ ಅದನ್ನೇ. ಸದ್ಯಕ್ಕೆ ತಲೆಬರಹ ಹೀಗೆ ಮಾಡಿದ್ದೇನೆ: ‘ಕೆಟ್ಟ ಇಂಪ್ಲಾಂಟನ್ನು ಎಲುಬು ಉಳಿಸಿ ತಿರುವಿ ತೆಗೆಯುವುದು’.

ಈಗ ನೀವು ಹೇಳಿ. ‘ಕೆಟ್ಟ ಇಂಪ್ಲಾಂಟ್’ ಅಂದರೆ ಕಳಪೆ ಮಾಲು ಅನ್ನುವ ಅರ್ಥ ಬರುತ್ತದೆಯೇ? ‘ಕೆಟ್ಟುಹೋದ’ ಅಂದರೆ ಆ ಅನುಮಾನ ಹೋಗಬಹುದೇ? ಮೈಸೂರು, ಮಂಗಳೂರು ಕಡೆಯವರಿಗೆ ‘ಎಲುಬು’ ಒರಟು ಅನ್ನಿಸುತ್ತದೆಯೇ, ‘ಮೂಳೆ’ ಅನ್ನಲೇ? ಪತ್ರ ಓದುವವರು ವಿಜಯಪುರ, ಸಿಂದಗಿ, ಇಂಡಿಯವರು. ಆದ್ದರಿಂದ ನನ್ನ ಮನಸ್ಸು ಎಲುಬಿನ ಕಡೆಗೇ ಇದೆ. ಬಡಗಿಗಳ, ಗ್ಯಾರೇಜಿನವರ ಬಾಯಲ್ಲಿ ‘ಎಡಕ್ಕೆ ತಿರುವಿ ಸಡಿಲಿಸು’ ಅನ್ನುವುದಕ್ಕೆ ಒಂದೇ ಪದ ಕೇಳಿದವರಿದ್ದರೆ ದಯವಿಟ್ಟು ತಿಳಿಸಿ. ಪತ್ರ ಇನ್ನೂ ಅಚ್ಚಿಗೆ ಹೋಗಿಲ್ಲ.